ದೂರದ ಓಟದಲ್ಲಿ ಮಾತ್ರ ಕಾಯುವ ಎಂಜಿನ್

ಹಳೆಯ ಕಾರು ನಿಂತಾಗ ಅತಿಯಾಗಿ ಬಿಸಿಯಾಗುತ್ತದೆಯೋ, ಸತತ ವೇಗದಲ್ಲಿ ಕಾಯುತ್ತದೆಯೋ ಎಂಬುದನ್ನು ಮೊದಲು ಗಮನಿಸಬೇಕು. ನನ್ನ ಕಾರಿನ ತಾಪಮಾಪಕದ ಮುಳ್ಳು ಏರುತ್ತಿದ್ದುದು ದೂರದ ಪ್ರಯಾಣದಲ್ಲಿ ಮಾತ್ರ; ವೇಗವಾಗಿ ಓಡುವಾಗ ರೇಡಿಯೇಟರಿನೊಳಕ್ಕೆ ಗಾಳಿ ತಾನಾಗಿಯೇ ನುಗ್ಗುವುದರಿಂದ, ಫ್ಯಾನಿನ ಮೇಲಿನ ಅನುಮಾನವನ್ನು ಬದಿಗಿಟ್ಟು ಕೂಲಂಟ್, ಅಂದರೆ ಎಂಜಿನ್ನನ್ನು ತಣಿಸುವ ದ್ರವ, ಹರಿಯುವ ದಾರಿಯನ್ನೇ ಹುಡುಕತೊಡಗಿದೆ.

ಬಿಸಿಯೇರಿದಾಗ ತೆರೆದು ಕೂಲಂಟನ್ನು ರೇಡಿಯೇಟರಿಗೆ ಹರಿಯಬಿಡುವ ಕವಾಟವಾದ ಥರ್ಮೋಸ್ಟಾಟನ್ನು ಬಿಚ್ಚಿ ನೀರಿನಲ್ಲಿಟ್ಟು ಕಾಯಿಸಿದಾಗ, ಅದರ ಮೇಲೆ ಅಚ್ಚಾಗಿದ್ದ 82 ಡಿಗ್ರಿಯ ಆಸುಪಾಸಿನಲ್ಲಿ ಬಾಯಿ ಬಿಟ್ಟು, ನೀರು ಕುದಿಯುವ ಮೊದಲೇ ಪೂರ್ತಿ ತೆರೆದುಕೊಂಡಿತು. ಅದರಲ್ಲಿ ದೋಷವಿರಲಿಲ್ಲ.

ರೇಡಿಯೇಟರಿನ ಕೆಳಗಿನ ಹೋಸ್ ಮಾತ್ರ ಬೇರೆಯೇ ಕಥೆ ಹೇಳಿತು. ಬಿಸಿಯಾದ ಎಂಜಿನ್ನಿನ ಆಕ್ಸಿಲರೇಟರನ್ನು ಗೆಳೆಯರೊಬ್ಬರು ಒತ್ತಿ ಹಿಡಿದಾಗ, ಆ ರಬ್ಬರು ಕೊಳವೆ ನನ್ನ ಕಣ್ಣೆದುರೇ ಚಪ್ಪಟೆಯಾಗಿ, ಒತ್ತುವುದನ್ನು ಬಿಟ್ಟೊಡನೆ ಮತ್ತೆ ಉಬ್ಬಿತು. ನೀರಿನ ಪಂಪು ಸೆಳೆಯುವುದು ಈ ಹೋಸಿನಿಂದಲೇ. ಅದು ಮೆತ್ತಗಾಗಿದ್ದರೆ ಅಥವಾ ರೇಡಿಯೇಟರಿನ ನಾಳಗಳು ಕಟ್ಟಿಕೊಂಡಿದ್ದರೆ, ವೇಗ ಹೆಚ್ಚಿದಷ್ಟೂ ಹರಿವು ಕುಗ್ಗುತ್ತದೆ. ಎಂಜಿನ್ ಆರಿಸಿ, ಫ್ಯಾನೂ ನಿಂತ ಮೇಲೆ ರೇಡಿಯೇಟರಿನ ಮುಖವನ್ನು ಎಚ್ಚರಿಕೆಯಿಂದ ಮುಟ್ಟಿ ನೋಡಿದರೆ, ಸುತ್ತ ಬಿಸಿಯಿದ್ದರೂ ನಡುವೆ ಅಗಲವಾದ ಪಟ್ಟಿಯೊಂದು ತಣ್ಣಗಿತ್ತು; ಅಲ್ಲಿನ ನಾಳಗಳು ಕಟ್ಟಿಕೊಂಡಿದ್ದವು. ಹೋಸಿನೊಂದಿಗೆ ರೇಡಿಯೇಟರಿನ ಕೋರನ್ನೂ (ನಾಳಗಳಿರುವ ಭಾಗವನ್ನೂ) ಬದಲಿಸಿದ ಮೇಲೆ ಮುಳ್ಳು ಮತ್ತೆ ಏರಲಿಲ್ಲ.

ಒಂದು ಕಳಕಳಿಯ ವಿನಂತಿ: ಬಿಸಿ ರೇಡಿಯೇಟರಿನ ಮುಚ್ಚಳವನ್ನು ದಯವಿಟ್ಟು ತೆರೆಯಬೇಡಿ. ಒಳಗಿನ ಒತ್ತಡದಿಂದಾಗಿ 100 ಡಿಗ್ರಿ ದಾಟಿಯೂ ಕುದಿಯದೆ ನಿಂತಿರುವ ನೀರು, ಮುಚ್ಚಳ ಸಡಿಲವಾದ ಕ್ಷಣವೇ ಕುದಿದು ಮುಖಕ್ಕೆ ಚಿಮ್ಮುತ್ತದೆ.