ಸ್ಟೆಪ್ನಿ ಇತ್ತು, ಜಾಕಿ ಕೈಕೊಟ್ಟಿತು

ಮಂಡ್ಯದಿಂದ ಮೈಸೂರಿಗೆ ಟ್ರ್ಯಾಕ್ಟರಿನಲ್ಲಿ ಮನೆ ಸಾಮಾನು ಸಾಗಿಸುವ ಯೋಚನೆ ಇದ್ದರೆ ಇದನ್ನು ಓದಿಕೊಂಡು ಹೊರಡಿ. ತಮ್ಮನ ಹೊಸ ಮನೆಗೆ ಮಂಚ, ಬೀರು, ಅಮ್ಮನ ಹಠಕ್ಕೆ ಒಂದು ರುಬ್ಬುವ ಕಲ್ಲು. ಲಾರಿ ಬಾಡಿಗೆ ಉಳಿಯುತ್ತದೆ ಅಂತ ನಮ್ಮದೇ ಟ್ರೇಲರ್ ಕಟ್ಟಿಕೊಂಡು ಹೊರಟೆವು.

2023ರ ಆಗಸ್ಟ್ 1ರಿಂದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಮೇಲೆ ಟ್ರ್ಯಾಕ್ಟರ್ ಬಿಡುವುದಿಲ್ಲ. ಬೈಕು, ಆಟೋಗಳ ಜೊತೆ ಸರ್ವಿಸ್ ರಸ್ತೆಯೇ ಗತಿ. ಆ ದಿನ ಅದೇ ನಮ್ಮನ್ನು ಕಾಪಾಡಿತು. ತೂಬಿನಕೆರೆ ದಾಟಿದ ಮೇಲೆ ಟ್ರೇಲರ್ ಟೈರ್ ಹೋಗಿದ್ದು ನನಗೆ ಗೊತ್ತೇ ಆಗಲಿಲ್ಲ. ಇಂಜಿನ್ ಸದ್ದಿನಲ್ಲಿ ಹಿಂದಿನದೇನು ಕೇಳುತ್ತೆ? ಬೈಕಿನವನೊಬ್ಬ ಪಕ್ಕಕ್ಕೆ ಬಂದು ಕೈ ಬೀಸಿದ. ಇಳಿದು ನೋಡಿದರೆ ಎಡಗಡೆ ಟೈರ್ ಹರಿದು ರಿಮ್ಮಿಗೆ ಸುತ್ತಿಕೊಂಡಿತ್ತು, ಮುಟ್ಟಿದರೆ ಕೈ ಸುಡುತ್ತಿತ್ತು.

ಸ್ಟೆಪ್ನಿ ಇತ್ತಲ್ಲ, ಧೈರ್ಯವಾಗಿದ್ದೆವು. ಆದರೆ ತಂದಿದ್ದು ತಮ್ಮನ ಕಾರಿನ ಜಾಕಿ. ಅದು ಪೂರ್ತಿ ಎದ್ದರೂ ಆಕ್ಸಲ್ ಮುಟ್ಟಲಿಲ್ಲ. ಪಾನಾ ನಟ್ಟಿಗೆ ಕೂರಲಿಲ್ಲ. ಫೋನ್ ಮಾಡಿದ ಮೇಲೆ ಬಂದ ಪಂಕ್ಚರಿನವನು ಮೊದಲು ಸಾಮಾನು ನೋಡಿದ, ಆಮೇಲೆ ನಮ್ಮ ಮುಖ ನೋಡಿದ, 1,800 ರೂಪಾಯಿ ಅಂದ. ಟೈರ್ ನಮ್ಮದು, ಅರ್ಧ ಕೆಲಸ ನಮ್ಮದು, ಅವನದು ಒಂದು ಬಾಟಲ್ ಜಾಕಿ ಅಷ್ಟೇ. ಅದೂ ಮಣ್ಣಿನಲ್ಲಿ ಇಳಿಯತೊಡಗಿದಾಗ ಕೆಳಗಿಡಲು ಮಂಚದ ಹಲಗೆ ಕೊಟ್ಟವರೂ ನಾವೇ!

ಹಾಗಾಗಿ ಹೊರಡುವ ಹಿಂದಿನ ದಿನ ಮನೆ ಮುಂದೆಯೇ ಒಂದು ಸಲ ಗಾಲಿ ಬಿಚ್ಚಿ ನೋಡಿ. ಟ್ರೇಲರಿಗೆ ಆಗುವ ಜಾಕಿ, ಪಾನಾ, ಒಂದು ದಪ್ಪ ಹಲಗೆ ಜೊತೆಗಿರಲಿ. ಟ್ರ್ಯಾಕ್ಟರಿನಿಂದ ಟ್ರೇಲರ್ ಕಳಚಬೇಡಿ, ಉಳಿದ ಗಾಲಿಗಳಿಗೆ ಕಲ್ಲು ಕೊಡಿ. ನಟ್ಟು ಸಡಿಲ ಮಾಡುವುದು ಗಾಲಿ ನೆಲದಲ್ಲಿದ್ದಾಗಲೇ, ಎತ್ತಿದ ಮೇಲೆ ಅದು ಸುಮ್ನೆ ತಿರುಗುತ್ತದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. ನಮ್ಮದರಲ್ಲಿ 3214 ಅಂತಿತ್ತು, ಅಂದರೆ 2014ರ 32ನೇ ವಾರದ ಮಾಲು. ನೆಲಕ್ಕೆ ತಾಗುವ ಗುಂಡಿಗಳು ಸವೆಯದೆ ಚೆನ್ನಾಗೇ ಇದ್ದವು, ಆದರೆ ವರ್ಷವಿಡೀ ಬಿಸಿಲಲ್ಲಿ ನಿಂತು ರಬ್ಬರ್ ಬಿರುಕು ಬಿಟ್ಟಿತ್ತು. ನಾವು ಗಾಳಿಯನ್ನೂ ಕಣ್ಣಳತೆಯಲ್ಲೇ ಹಿಡಿಸಿದ್ದೆವು.

ಹಸಿದು ಸೇರಿದ್ದು ಶ್ರೀರಂಗಪಟ್ಟಣದ ಒಂದು ಸಣ್ಣ ಹೋಟೆಲ್. ಬೋರ್ಡಿಲ್ಲ, ಎರಡೇ ಬೆಂಚು. 60 ರೂಪಾಯಿಗೆ ರಾಗಿ ಮುದ್ದೆ, ಅವರೆಕಾಳು ಬಸ್ಸಾರು, ಪಲ್ಯ, ಅನ್ನ, ಮಜ್ಜಿಗೆ. ಮುದ್ದೆ ಬೆರಳಿಗೆ ಅಂಟಲಿಲ್ಲ, ಬಸ್ಸಾರಿನಲ್ಲಿ ಸುಟ್ಟ ಬೆಳ್ಳುಳ್ಳಿಯ ವಾಸನೆ. ಕೇಳದೇ ಎರಡನೇ ಮುದ್ದೆ ತಟ್ಟೆಗೆ ಬಿತ್ತು, ಅದಕ್ಕೆ ದುಡ್ಡು ಕೊಟ್ಟರೆ ಅಜ್ಜಿ ಬೈದರು. ನಿಂತು ಕಾಯುವ ತಾಳ್ಮೆ ಇಲ್ಲದಿದ್ದರೆ ಮಧ್ಯಾಹ್ನ ಒಂದು ಗಂಟೆಯೊಳಗೆ ಹೋಗಿ. ನಮಗೆ ಮೂರು ಗಂಟೆಗೂ ಊಟ ಉಳಿದಿದ್ದು ಅದೃಷ್ಟ.