ಲಕ್ಕುಂಡಿಯ ಬಾವಿ ಮತ್ತು ಅಜ್ಜಿಯ ಕಾಲು

ಹುಬ್ಬಳ್ಳಿ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ರೈಲು ಇಳಿದದ್ದು ಜಗತ್ತಿನಲ್ಲೇ ಉದ್ದದ ಪ್ಲಾಟ್‌ಫಾರ್ಮ್ ಮೇಲೆ. 1,507 ಮೀಟರ್ ಅಂತೆ. ಎಲ್ಲರೂ ಅದರ ಮುಂದೆ ಫೋಟೊ ತೆಗೆಸಿಕೊಳ್ಳುತ್ತಿದ್ದರು. ಅಷ್ಟುದ್ದ ಇದ್ದರೆ ಹೆಮ್ಮೆ ಪಡುವಂಥದ್ದು ಏನಿದೆ ಅಂತ ನನಗೆ ಅರ್ಥವಾಗಲಿಲ್ಲ. ಉಣಕಲ್ ಕೆರೆ, ಧಾರವಾಡ ಪೇಡಾ ಎಲ್ಲ ಆಯಿತು. ಪೇಡಾ ನನಗೆ ಸಿಹಿ ಜಾಸ್ತಿ. ಗದಗದ ಒಂದು ಸಣ್ಣ ಖಾನಾವಳಿಯಲ್ಲಿ ತಿಂದ ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಯ ಮುಂದೆ ಅದು ಏನೂ ಅಲ್ಲ.

ಬರೆಯಬೇಕು ಅನ್ನಿಸಿದ್ದು ಲಕ್ಕುಂಡಿಯ ಬಗ್ಗೆ. ಗದಗದಿಂದ ಕೊಪ್ಪಳದ ರಸ್ತೆಯಲ್ಲಿ ಹನ್ನೆರಡು ಕಿಲೋಮೀಟರ್ ಇರಬಹುದು. ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯ, ಕಾಶಿ ವಿಶ್ವನಾಥ ಗುಡಿಯ ಬಾಗಿಲುವಾಡದ ಕೆತ್ತನೆ, ಎಲ್ಲ ನೋಡಿಕೊಂಡು ಮಾಣಿಕೇಶ್ವರ ಗುಡಿಯ ಪಕ್ಕದ ಮುಸುಕಿನ ಬಾವಿಗೆ ಬಂದೆವು. ಕಲ್ಯಾಣ ಚಾಲುಕ್ಯರ ಕಾಲದ್ದು. ಮೂರು ಕಡೆಯಿಂದ ಮೆಟ್ಟಿಲು ಇಳಿಯುತ್ತವೆ. ಗೋಡೆಯೊಳಗೆ ಪುಟ್ಟ ಪುಟ್ಟ ಗುಡಿಗಳು. ನೀರಿನ ಹತ್ತಿರ ಹೋದಷ್ಟೂ ತಂಪು. ನೀರು ತರುವ ದಾರಿಯನ್ನೂ ಇಷ್ಟು ಮನಸ್ಸಿಟ್ಟು ಕಟ್ಟಿದ್ದಾರಲ್ಲ ಅಂತ ನಿಂತುಬಿಟ್ಟೆ.

ಮೇಲೆ ಗುಡಿಯ ಕಟ್ಟೆಯಲ್ಲಿ ಒಬ್ಬ ಅಜ್ಜಿ ಕೂತಿದ್ದರು. ಇಳಕಲ್ ಸೀರೆ, ಎಪ್ಪತ್ತು ದಾಟಿದ ವಯಸ್ಸು. ಪಕ್ಕದಲ್ಲಿ ಖಾಲಿ ನೀರಿನ ಕ್ಯಾನು.

"ಎಷ್ಟು ಚೆನ್ನಾಗಿ ಕಟ್ಟಿದ್ದಾರೆ ಅಲ್ವಾ ಅಜ್ಜಿ? ಈಗಿನವರಿಗೆ ಇದು ಆಗುತ್ತಾ?" ಅಂದೆ.

"ನೋಡಾಕ ಚೆಂದ ಐತವ್ವಾ. ನಮ್ಮ ತವರಾಗೂ ಒಂದು ಮೆಟ್ಟಿಲ ಬಾವಿ ಇತ್ತು. ಅದರ ನೀರು ಕುಡದು ನಂಗ ನಾರು ಆಗಿತ್ತು."

ತವರು ಮುಂಡರಗಿ ಕಡೆ. ಸೀರೆಯ ಅಂಚು ಸ್ವಲ್ಪ ಎತ್ತಿ ತೋರಿಸಿದರು. ಹಿಮ್ಮಡಿಗಿಂತ ಮೇಲೆ, ಒಳಮೈಗೆ, ಎಂಟಾಣೆಯಷ್ಟಗಲ ಸುಕ್ಕುಗಟ್ಟಿದ ಕಲೆ. ಚರ್ಮ ಅಲ್ಲಿ ತೆಳ್ಳಗೆ ಹೊಳೆಯುತ್ತಿತ್ತು.

"ಇಲ್ಲಿಂದ ಹುಳ ಹೊರಗ ಬಂತು. ನಮ್ಮಪ್ಪ ಕಡ್ಡಿಗೆ ಸುತ್ತಿ ದಿನಾ ಒಂದೀಟ ಎಳೀತಿದ್ದ. ಹರದ್ರ ಕಾಲೆಲ್ಲ ಬಾವು. ಹತ್ತಿ ಬಿಡಸೂ ಸುಗ್ಗಿಯಾಗ ನಾ ಹಾಸಿಗಿ ಹಿಡದಿದ್ದೆ."

ನಾರುಹುಣ್ಣು. ಹೆಸರು ಕೇಳಿದ್ದೆ. ಅದಾಗಿದ್ದ ಕಾಲನ್ನು ನೋಡಿದ್ದು ಅವತ್ತೇ. ರೋಗದ ಸಂಚು ಇರುವುದೇ ಮೆಟ್ಟಿಲಲ್ಲಿ. ಹುಣ್ಣಿನ ಕಾಲು ನೀರಿಗೆ ಇಳಿದ ತಕ್ಷಣ ಹುಳ ಮರಿಗಳನ್ನು ಬಿಡುತ್ತದೆ. ಸೈಕ್ಲಾಪ್ಸ್ ಎಂಬ ಸಣ್ಣ ನೀರುಹುಳ ಅವನ್ನು ನುಂಗುತ್ತದೆ. ಆ ನೀರು ಕುಡಿದವರ ಮೈಯೊಳಗೆ ಮರಿ ಸುಮಾರು ಒಂದು ವರ್ಷ ಬೆಳೆದು, ಮೂರು ಅಡಿಯವರೆಗೂ ಉದ್ದವಾಗಿ, ಕಾಲಿನಿಂದ ಹೊರಬರುತ್ತದೆ. ಇದಕ್ಕೆ ಮದ್ದಿಲ್ಲ, ಲಸಿಕೆಯೂ ಇಲ್ಲ. 1984ರಲ್ಲಿ ದೇಶದಲ್ಲಿ ಸುಮಾರು 40,000 ಜನರಿಗೆ ಇತ್ತು. ರೋಗವಿದ್ದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯಿರಿ ಅಂತ ಮನೆಮನೆಗೆ ಹೋಗಿ ಹೇಳಿದರು. ಮೆಟ್ಟಿಲ ಬಾವಿಗಳನ್ನು ಸೇದುವ ಬಾವಿ ಮಾಡಿದರು, ಕೈಪಂಪು ಹಾಕಿದರು. ಕೊನೆಯ ರೋಗಿ ಸಿಕ್ಕಿದ್ದು 1996ರಲ್ಲಿ, ರಾಜಸ್ಥಾನದಲ್ಲಿ. 2000ದಲ್ಲಿ ಭಾರತ ಈ ರೋಗದಿಂದ ಮುಕ್ತ ಅಂತ ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು.

"ಹಂಗಾದ್ರೆ ಈಗಲೇ ಚೆನ್ನಾಗಿದೆ ಅನ್ನಿ ಅಜ್ಜಿ."

"ಕಾಲಿಗೆ ಕೇಳ್ತೀಯೋ, ಹಲ್ಲಿಗೆ ಕೇಳ್ತೀಯೋ?" ಅಂದರು. "ಬಾವಿ ಬಿಟ್ಟು ಬೋರ್ ನೀರು ಕುಡದ್ವಿ. ನಮ್ಮಣ್ಣನ ಮಕ್ಕಳ ಹಲ್ಲು ನೋಡಬೇಕು ನೀ. ಎಲ್ಲಾ ಹಳದಿ, ಕಂದು. ಅಣ್ಣಗ ಮೊಣಕಾಲು ಮಡಚಾಕ ಬರೂದಿಲ್ಲ."

ಫ್ಲೋರೈಡ್. ಮುಂಡರಗಿ ತಾಲ್ಲೂಕಿನ ಅಂತರ್ಜಲದಲ್ಲಿ ಅದು ಜಾಸ್ತಿ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮೊದಲು ಹಲ್ಲಿಗೆ, ಆಮೇಲೆ ಮೂಳೆಗೆ ಹೊಡೆತ. ತುಂಗಭದ್ರೆ ಅದೇ ತಾಲ್ಲೂಕಿನ ಅಂಚಿನಲ್ಲೇ ಹರಿಯುತ್ತಾಳೆ. ಹೊಳೆಯ ನೀರು ಈಗ ಊರಿಗೆ ಬರುತ್ತದಂತೆ, ಅದು ಬಾರದ ದಿನ ಮತ್ತೆ ಬೋರ್ ನೀರೇ. ಅಜ್ಜಿ ಎದ್ದು ಕ್ಯಾನು ತೆಗೆದುಕೊಂಡರು. ಶುದ್ಧ ನೀರಿನ ಘಟಕ ಮುಚ್ಚುವ ಹೊತ್ತಾಗಿತ್ತು.

ಹಳೆ ಕಾಲವೇ ಚೆನ್ನಾಗಿತ್ತು ಅನ್ನುವವರು ಅಜ್ಜಿಯ ಕಾಲಿನ ಆ ಕಲೆಯನ್ನು ಒಮ್ಮೆ ನೋಡಬೇಕು. ಮುಸುಕಿನ ಬಾವಿಯನ್ನು ಬರೀ ಕಲೆ ಅಂತ ನೋಡುವ ಭಾಗ್ಯ ನನಗೆ ಸಿಕ್ಕಿದ್ದು ಅದರ ನೀರು ಕುಡಿಯಬೇಕಾಗಿಲ್ಲ ಅನ್ನುವ ಕಾರಣಕ್ಕೆ. ನಾರುಹುಣ್ಣನ್ನು ಓಡಿಸಿದ್ದು ಒಂದು ತುಂಡು ಬಟ್ಟೆ ಮತ್ತು ಹಳ್ಳಿ ಹಳ್ಳಿ ಸುತ್ತಿದ ಆರೋಗ್ಯ ಕಾರ್ಯಕರ್ತರು. ಪ್ರಗತಿ ಅಂದರೆ ನನಗೆ ಮೊದಲು ಅವರು ಕಣ್ಣಿಗೆ ಬರುತ್ತಾರೆ, ಆ ಪ್ಲಾಟ್‌ಫಾರ್ಮ್ ಅಲ್ಲ. ಆದರೆ ಬೋರ್ ಕೊರೆದವರು ನೀರಿನ ಪರೀಕ್ಷೆ ಮಾಡಿಸದೆ ಯಾಕೆ ಮಕ್ಕಳಿಗೆ ಕುಡಿಸಿದರು ಅನ್ನುವ ಸಿಟ್ಟು ಇನ್ನೂ ಇಳಿದಿಲ್ಲ.

ಒಂದು ಮಾತು, ಗದಗದಲ್ಲಿ ಉಳಿಯುವವರಿಗೆ. ನಾವು ಇದ್ದ ಲಾಡ್ಜ್‌ನಲ್ಲಿ "ಇಪ್ಪತ್ನಾಲ್ಕು ತಾಸು ನೀರು" ಅಂತ ಬೋರ್ಡು. ರಾತ್ರಿ ಬಂದು ನೋಡಿದರೆ ನಲ್ಲಿಯಲ್ಲಿ ಒಂದು ಹನಿ ಇಲ್ಲ. ಕೇಳಿದರೆ ಹುಡುಗ, "ನಳ ಬಂದು ಹತ್ತು ದಿನ ಆತ್ರಿ, ಟ್ಯಾಂಕರ್‌ಗೆ ಹೇಳೇವಿ" ಅಂದ. ದುಡ್ಡು ಮೊದಲೇ ಕಟ್ಟಿಸಿಕೊಂಡಿದ್ದರು, ವಾಪಸ್ ಕೊಡಲಿಲ್ಲ. ರೂಮಿಗೆ ಹೋಗಿ ನಲ್ಲಿ ತಿರುಗಿಸಿ ನೋಡಿ, ಆಮೇಲೆ ದುಡ್ಡು ಕೊಡಿ. ಲಕ್ಕುಂಡಿಗೆ ಬೆಳಿಗ್ಗೆಯೇ ಹೊರಡಿ, ಮಧ್ಯಾಹ್ನ ಕಲ್ಲು ಕಾದು ಬರಿಗಾಲಲ್ಲಿ ನಡೆಯಲು ಆಗುವುದಿಲ್ಲ.