ಹಾಗಾದ್ರೆ ನಿಮ್ಮ ಕಸ ಎಲ್ಲಿಗೆ?

ಹೋದ ವಾರ ಬೆಂಗಳೂರಿನಿಂದ ಅಣ್ಣ ಫೋನ್ ಮಾಡಿದ್ದ. ಇಲ್ಲಿ ದೆಹಲಿಯ ಬವಾನಾದಲ್ಲಿ ದಿನಕ್ಕೆ 3,000 ಟನ್ ಕಸ ಸುಡುವ ಹೊಸ ಘಟಕದ ಪ್ರಸ್ತಾಪ ಇದೆ, 2024ರ ಡಿಸೆಂಬರ್ ಕೊನೆಯ ಅಹವಾಲು ಸಭೆಯಲ್ಲಿ ಸುತ್ತಲಿನ ಹಳ್ಳಿಯವರು ಬೇಡವೇ ಬೇಡ ಅಂದರು ಅಂತ ಹೇಳುತ್ತಿದ್ದೆ. "ಅಲ್ಲ ಕಣೇ, ಸುಡೋದೂ ಬೇಡ ಅಂದ್ರೆ ನಿಮ್ಮ ಕಸ ಎಲ್ಲಿಗೆ ಹಾಕ್ತೀರಿ?" ಅಂದ.

ಈ ಪ್ರಶ್ನೆ ನನಗೆ ಹಳೆಯದು. ನಾನಿರುವುದು ದಕ್ಷಿಣ ದೆಹಲಿಯ ಸುಖದೇವ್ ವಿಹಾರದ ಹತ್ತಿರ. ಪಕ್ಕದಲ್ಲೇ ಇರುವ ಓಖ್ಲಾದ ಕಸ ಸುಡುವ ಘಟಕ ಶುರುವಾಗಿದ್ದು 2012ರಲ್ಲಿ. ಹಾಜಿ ಕಾಲೊನಿಯ ಮನೆಗಳು ಅದಕ್ಕೆ ಕೂಗಳತೆಯ ದೂರ. ಅದು ಶುರುವಾಗುವ ಮುಂಚೆಯೇ, 2009ರಲ್ಲಿ, ಇಲ್ಲಿನ ನಿವಾಸಿಗಳು ಹೈಕೋರ್ಟಿಗೆ ಹೋಗಿದ್ದರು. ಆಮೇಲೆ ಕೇಸು ಪರಿಸರದ ವ್ಯಾಜ್ಯ ನೋಡುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಬಂತು. 2017ರ ಫೆಬ್ರುವರಿಯಲ್ಲಿ ತೀರ್ಪು: 25 ಲಕ್ಷ ರೂಪಾಯಿ ಪರಿಹಾರ ಕಟ್ಟಿ, ಘಟಕ ನಡೆಯಲಿ. ಎಂಟು ವರ್ಷ ಓಡಾಡಿದವರಿಗೆ ಸಿಕ್ಕಿದ್ದು ಅಷ್ಟೇ. ಅವತ್ತು ಸಂಜೆ ಪಕ್ಕದ ಮನೆಯ ಆಂಟಿ ಫೈಲನ್ನು ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿ ಇಟ್ಟಿದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಅಣ್ಣನಿಗೆ ತಿಮಾರ್‌ಪುರದ ಕಥೆ ಹೇಳಿದೆ. ಅದೂ ದೆಹಲಿಯಲ್ಲೇ ಇರುವುದು, 1987ರಲ್ಲೇ ಸರ್ಕಾರದವರು ಅಲ್ಲಿ ಇಂಥದ್ದೊಂದು ಕಟ್ಟಿದ್ದರು. ಡೆನ್ಮಾರ್ಕಿನ ತಂತ್ರಜ್ಞಾನ, ದಿನಕ್ಕೆ 300 ಟನ್ ಸುಡುವ ಲೆಕ್ಕ. ನಡೆದಿದ್ದು ಬರೀ 21 ದಿನ! ನಮ್ಮ ಕಸ ಉರಿಯಲೇ ಇಲ್ಲ. ಉರಿಯುವುದಾದರೂ ಹೇಗೆ? ನಮ್ಮ ಮನೆಯ ಬುಟ್ಟಿಯನ್ನೇ ನೋಡಿ. ಕಲ್ಲಂಗಡಿ ಸಿಪ್ಪೆ, ಕಾಫಿ ಚರಟ, ನಿನ್ನೆಯ ಅನ್ನ. ಹಸಿ ಸೌದೆಯನ್ನು ಒಲೆಗಿಟ್ಟರೆ ಬೆಂಕಿಗಿಂತ ಹೊಗೆ ಜಾಸ್ತಿ ಅಂತ ನಮ್ಮಮ್ಮನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆ ಹಸಿ ಕಸದ ಜೊತೆ ಪಿವಿಸಿಯಂಥ ಪ್ಲಾಸ್ಟಿಕ್ಕೂ ಅರೆಬರೆ ಬೆಂದರೆ ಡಯಾಕ್ಸಿನ್ ಅನ್ನುವ ವಿಷ ಹುಟ್ಟುತ್ತದೆ. ಅದು ಕಣ್ಣಿಗೆ ಕಾಣುವುದಿಲ್ಲ. ಎಲ್ಲಾ ಸರಿಯಾಗಿ ಸುಟ್ಟರೂ ಬೂದಿ ಉಳಿಯುತ್ತದಲ್ವಾ? ಅದನ್ನೂ ಯಾರದೋ ಊರಿನ ಪಕ್ಕವೇ ಸುರಿಯಬೇಕು.

ದೆಹಲಿಯ ಗಾಳಿ ಕೆಡಲು ನೂರು ಕಾರಣ ಇದೆ, ಎಲ್ಲಾ ಇದರಿಂದಲೇ ಅಂತ ನಾನು ಹೇಳುವುದಿಲ್ಲ. ಆದರೆ ಮೊದಲೇ ಉಸಿರು ಕಟ್ಟಿರುವ ಮಕ್ಕಳ ಶಾಲೆಯ ಪಕ್ಕ ಇನ್ನೊಂದು ಚಿಮಣಿ ಯಾಕೆ?

"ಬೇರೆ ಕಡೆ ಕಟ್ಟಿ" ಅಂತಲೂ ನನ್ನ ಬಾಯಲ್ಲಿ ಬರುವುದಿಲ್ಲ. ನಮ್ಮತ್ತೆಯ ಮನೆ ಮಂಡೂರಿನ ಹತ್ತಿರ. ಬೆಂಗಳೂರಿನ ಕಸವೆಲ್ಲ ಅಲ್ಲಿ ಬಂದು ಬೀಳುತ್ತಿದ್ದಾಗ, ನೊಣದ ಕಾಟಕ್ಕೆ ಹಬ್ಬದ ಊಟವನ್ನೂ ಕಿಟಕಿ ಬಾಗಿಲು ಮುಚ್ಚಿಕೊಂಡು ಮಾಡಿದ್ದೇವೆ. 2014ರಲ್ಲಿ ಆ ಊರಿನವರು ಬೀದಿಗಿಳಿದ ಮೇಲೆಯೇ ಲಾರಿ ನಿಂತಿದ್ದು. ಓಖ್ಲಾದ ಹೊಗೆ ಬವಾನಾದವರಿಗೆ ಹೋಗಲಿ ಅಂತ ನಾನು ಹೇಗೆ ಹೇಳಲಿ?

ಅಣ್ಣನಿಗೆ ನಾನು ಕೊಟ್ಟ ಉತ್ತರ ಇಷ್ಟೇ: ಹಸಿ ಕಸ ಹುಟ್ಟಿದ ಬೀದಿಯಲ್ಲೇ ಗೊಬ್ಬರ ಆಗಲಿ. ಒಣ ಕಸ ಚಿಂದಿ ಆಯುವವರ ಕೈಗೆ ಶುಚಿಯಾಗಿ ಸಿಗಲಿ, ಅದು ಅವರ ಅನ್ನ. ಉಳಿದದ್ದು ಎಷ್ಟು ಅಂತ ಆಮೇಲೆ ನೋಡೋಣ.

ನಮ್ಮ ಕಟ್ಟಡದ 24 ಮನೆಗಳಲ್ಲಿ 17 ಮನೆಯವರು ಈಗ ಬೇರೆ ಬೇರೆ ಮಾಡಿ ಕೊಡುತ್ತಾರೆ. ಆದರೆ ಗೇಟಿಗೆ ಬರುವ ಗಾಡಿಯಲ್ಲಿ ಎರಡನ್ನೂ ಒಂದೇ ಕಡೆ ಸುರಿಯುತ್ತಾರೆ. ಭಾನುವಾರ ಬೆಳಗ್ಗೆ ಆಂಟಿ, ನಾನು, ಮೂರನೇ ಮಹಡಿಯ ಹುಡುಗಿಯರಿಬ್ಬರು ಗೇಟಿನ ಹತ್ತಿರ ನಿಲ್ಲುತ್ತೇವೆ.